ದಾರಿ ಕೇಳದಿರಲು ಕೊಂಡ ಡಬ್ಬಿ

ಅಂಗಡಿಗೆ ಬಂದವರು ಈಗಲೂ ನಮ್ಮವರನ್ನು ಕೇಳುತ್ತಾರೆ. "ಕಾರಿಗೆ ದಾರಿ ತೋರಿಸೋ ಡಬ್ಬಿ ತಗೊಂಡಿದ್ರಲ್ಲ ಸಾವ್ಕಾರ್ರೇ, ಹೆಂಗೈತೆ? ನಾವೂ ಒಂದು ತಗೋಬಹುದಾ?" ನಮ್ಮವರು ತಲೆ ಎತ್ತುವುದಿಲ್ಲ. "ನಮ್ಮನೇಲಿ ಕೇಳು" ಎಂದು ನನ್ನ ಕಡೆ ಬೆರಳು ತೋರಿಸಿ ಬೇರಿಂಗು ಒರೆಸುತ್ತಾ ಕೂರುತ್ತಾರೆ. ಕೇಳಿದರೆ ಹೇಳದೆ ಬಿಡುವವಳು ನಾನಲ್ಲ. ಆದರೆ ತಗೋ, ಬೇಡ ಎಂದು ಒಂದು ಮಾತಿನಲ್ಲಿ ಮುಗಿಯುವ ವಿಷಯ ಅದಲ್ಲ.

ನಾನು ಶಾರದಮ್ಮ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಚಳ್ಳಕೆರೆಯಲ್ಲಿ ನಮ್ಮ ಅಂಗಡಿಯ ಬೋರ್ಡೇ ಹೇಳುತ್ತದೆ: ಮುರುಗೇಂದ್ರಪ್ಪ, ಪಂಪ್‌ಸೆಟ್ ಬಿಡಿಭಾಗಗಳು. ಸುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟಾರುಗಳು ಕೆಟ್ಟರೆ ಜನ ಮೊದಲು ಬರುವುದು ನಮ್ಮಲ್ಲಿಗೆ. ಕಡಿಮೆ ಬೆಲೆಯ, ಹೆಸರಿಲ್ಲದ ಮಾಲು ಕೇಳಿದವರಿಗೆಲ್ಲ ನಮ್ಮವರು ಒಂದೇ ಪಾಠ ಹೇಳುತ್ತಿದ್ದರು. "ಮೇಲೆ ಕಂಪನಿ ಹೆಸರಿಲ್ಲ, ಊರಿಲ್ಲ, ವಿಳಾಸ ಇಲ್ಲ. ನಾಳೆ ಕೆಟ್ರೆ ಯಾರನ್ನ ಕೇಳ್ತೀಯಾ?" ಇಷ್ಟು ಹೇಳುವ ಮನುಷ್ಯ ಒಂದು ಸಂಜೆ ಹೆಸರಿಲ್ಲದ, ಊರಿಲ್ಲದ, ವಿಳಾಸವಿಲ್ಲದ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು.

ಯಾಕೆ ತಂದರು ಅನ್ನುವುದಕ್ಕೆ ಮಗಳ ವಿಷಯ ಹೇಳಬೇಕು. ಸೌಂದರ್ಯ ನಮಗೆ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಮಾರುತೇಶ್ ಅನ್ನುವ ಹುಡುಗನನ್ನು ಕಟ್ಟಿಕೊಂಡಳು. ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನಿನ ಕಂಪನಿಯಲ್ಲಿ ಅವನಿಗೆ ಕೆಲಸ, ಕೇಬಲ್ ಕೊಳ್ಳಲು ನಮ್ಮ ಅಂಗಡಿಗೇ ಬರುತ್ತಿದ್ದ. ಹುಡುಗನಲ್ಲಿ ಒಂದು ಕೊಂಕಿಲ್ಲ, ಆದರೆ ನಮ್ಮ ಜನ ಅಲ್ಲ. ಅವರಪ್ಪ ಮಾರಯ್ಯ, ಅವ್ವ ದುರುಗಕ್ಕ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವರು. ನಮ್ಮವರಿಗೆ ಅದು ನುಂಗಲಾರದ ತುತ್ತಾಯಿತು. ಬೈಯಲಿಲ್ಲ, ಬಡಿಯಲಿಲ್ಲ, ಮಾತು ಬಿಟ್ಟರು. ಮನೆಯಲ್ಲಿ ಅವಳ ಹೆಸರು ಎತ್ತಿದರೆ ಎದ್ದು ಅಂಗಡಿಗೆ ಹೋಗುತ್ತಿದ್ದರು. ನಾನು ಫೋನಿನಲ್ಲಿ ಕದ್ದು ಮಾತಾಡಿಕೊಂಡಿದ್ದೆ, ಅದೂ ಅವರಿಗೆ ಗೊತ್ತಿತ್ತು.

ಸೌಂದರ್ಯಳಿಗೆ ಏಳು ತಿಂಗಳು ತುಂಬಿತು. ಗಂಡನ ಮನೆಯವರು ಕುಬುಸಕ್ಕೆ ದಿನ ಇಟ್ಟರು, ಗುರುವಾರ, ಒಂದೂವರೆಗೆ ರಾಹುಕಾಲ ಬರುವುದರೊಳಗೆ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಡಿಲು ತುಂಬಬೇಕು. ಮೊದಲ ಮಡಿಲು ತವರಿನದು. ತವರಿನಿಂದ ಯಾರೂ ಬರದಿದ್ದರೆ ಪಕ್ಕದ ಮನೆಯ ಒಬ್ಬ ಮುತ್ತೈದೆಯನ್ನು ತವರಿನವಳೆಂದು ನಿಲ್ಲಿಸಿ ಕೆಲಸ ಮುಗಿಸುತ್ತಾರೆ. ಮುಗಿಯುವುದೇನೋ ಮುಗಿಯುತ್ತದೆ, ಆದರೆ ಆ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಊರಿಗೆ ಊರೇ ನೋಡಿದ ಹಾಗಾಗುತ್ತದೆ. ನನ್ನ ಮಗಳು ಹಾಗೆ ಕೂರುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

"ಗುರುವಾರ ನಾನು ಹೋಗ್ತೀನಿ, ಬಸ್ಸಲ್ಲಿ" ಎಂದೆ. ಅವರು ತಟ್ಟೆ ನೋಡುತ್ತಾ ಉಂಡರು. ಕೈ ತೊಳೆಯುವಾಗ ಅಂದರು, "ಬಸ್ಸಲ್ಲಿ ಹೋದ್ರೆ ಬಳೆ ಒಡೀತಾವೆ."

"ಒಡೆದ್ರೆ ಒಡೀಲಿ."

"ಕಾರಲ್ಲಿ ಬಿಡ್ತೀನಿ. ಊರ ಹೊರಗೆ ಇಳಿಸಿ ವಾಪಸ್ ಬರ್ತೀನಿ. ನಾನು ಬರ್ತೀನಿ ಅಂತ ಅವರಿಗೆ ಹೇಳಬೇಡ."

ಮಾರನೆಯ ಸಂಜೆಯೇ ಆ ಡಬ್ಬಿ ಬಂತು. ಅಂಗೈಯಗಲದ ಪರದೆ, ಕಾರಿನ ಗಾಜಿಗೆ ಅಂಟಿಸಲು ಒಂದು ರಬ್ಬರ್ ಬಟ್ಟಲು, ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸುವ ವೈರು. ಪೆಟ್ಟಿಗೆಯ ಮೇಲೆ ನಗುವ ಹೆಂಗಸಿನ ಚಿತ್ರ, ಜೀವನಪೂರ್ತಿ ಹೊಸ ನಕ್ಷೆ ಪುಕ್ಕಟೆ ಅನ್ನುವ ಮಾತು. ಯಾರ ಜೀವನಪೂರ್ತಿ ಅಂತ ಬರೆದಿರಲಿಲ್ಲ. ಮಾರಿದವನು "ಕಂಪನಿದೂ ಇದೂ ಒಂದೇ ಫ್ಯಾಕ್ಟರಿ ಮಾಲು, ಸ್ಟಿಕ್ಕರ್ ಒಂದು ಇಲ್ಲ ಅಷ್ಟೇ" ಎಂದನಂತೆ. ಇದೇ ಮಾತನ್ನು ಬೇರೆ ಅಂಗಡಿಯವರು ಬೇರಿಂಗಿನ ವಿಷಯದಲ್ಲಿ ಹೇಳಿದರೆ ನಮ್ಮವರು ನಗುತ್ತಿದ್ದರು.

"ಸೌಂದರ್ಯ ನನ್ನ ಫೋನಿಗೆ ಲೊಕೇಶನ್ ಕಳಿಸವ್ಳೆ. ಇದ್ಯಾಕೆ?" ಎಂದೆ.

"ಅವರು ಕಳಿಸಿದ ದಾರೀಲಿ ನಾನು ಹೋಗಲ್ಲ. ನನ್ನ ದಾರಿ ನಾನು ನೋಡ್ಕೊಂತೀನಿ."

ನಮ್ಮ ಕಡೆಯ ರೀತಿ ಗೊತ್ತಿಲ್ಲದವರಿಗೆ ಇದು ಹುಚ್ಚು ಅನ್ನಿಸಬಹುದು. ರಸ್ತೆಯಲ್ಲಿ ನಿಲ್ಲಿಸಿ ಯಾರನ್ನಾದರೂ ಕೇಳಿದರೆ ಆಯಿತಲ್ಲ ಅನ್ನಬಹುದು. ಆದರೆ ಚಳ್ಳಕೆರೆಯಿಂದ ಬಳ್ಳಾರಿ ಗಡಿಯವರೆಗೆ ಯಾವ ಊರಿನಲ್ಲಾದರೂ ದಾರಿ ಕೇಳಿ ನೋಡಿ. ಯಾರೂ ತಟ್ಟನೆ ಕೈ ತೋರಿಸುವುದಿಲ್ಲ. ಯಾವೂರು ಅನ್ನುತ್ತಾರೆ, ಯಾರ ಮನೆಗೆ ಅನ್ನುತ್ತಾರೆ, ಕೊನೆಗೆ ಅವರಿಗೆ ನೀವು ಏನಾಗಬೇಕು ಅನ್ನುತ್ತಾರೆ. ಇವಕ್ಕೆ ಉತ್ತರ ಸಿಕ್ಕ ಮೇಲೆಯೇ ದಾರಿ, ಕೆಲವು ಸಲ ಜೊತೆಗೆ ಮಜ್ಜಿಗೆ. ನಮ್ಮವರು ಹೆದರಿದ್ದು ಆ ಕೊನೆಯ ಪ್ರಶ್ನೆಗೆ. ಮಾರಯ್ಯನಿಗೆ ನಾನು ಬೀಗ ಅಂತ ಬೀದಿಯಲ್ಲಿ ನಿಂತು ಹೇಳಬೇಕಲ್ಲ. ಅದನ್ನು ತಪ್ಪಿಸಿಕೊಳ್ಳಲು ಬಾಯಿಲ್ಲದ ಒಂದು ವಸ್ತು ಬೇಕಿತ್ತು, ಕೊಂಡರು.

ಬಾಯಿಲ್ಲದ್ದು ಅಂತ ಅವರು ತಿಳಿದಿದ್ದರು. ಗುರುವಾರ ಬೆಳಿಗ್ಗೆ ಕಾರಿನಲ್ಲಿ ವೈರು ಸಿಕ್ಕಿಸುತ್ತಲೇ ಅದು ಇಂಗ್ಲಿಷಿನಲ್ಲಿ ಮಾತಾಡಲು ಶುರು ಮಾಡಿತು. ಕನ್ನಡ ಅದಕ್ಕೆ ಬರುವುದಿಲ್ಲ. ಹೆಣ್ಣಿನ ಗಂಟಲು, ಸಿಟ್ಟಿಲ್ಲ, ಸೆಡವಿಲ್ಲ. ನಾನು ಅದಕ್ಕೆ ಅಮ್ಮಣ್ಣಿ ಅಂತ ಹೆಸರಿಟ್ಟೆ. ಹೋಗಬೇಕಾದ ಊರು ಕರಿಗುಂಡಿನಹಟ್ಟಿ. ರಾಂಪುರ ಅದಕ್ಕೆ ಗೊತ್ತಿತ್ತು, ಕೊಂಡ್ಲಹಳ್ಳಿ ಗೊತ್ತಿತ್ತು, ಹಟ್ಟಿ ಗೊತ್ತಿರಲಿಲ್ಲ. ರಾಂಪುರದ ಆಚೆ, ಗುಡ್ಡದ ಮಗ್ಗುಲಲ್ಲಿ ಅಂತ ನಾನು ಯಾವಾಗಲೋ ಹೇಳಿದ್ದು ಅವರ ತಲೆಯಲ್ಲಿತ್ತು. ನಕ್ಷೆಯಲ್ಲಿ ಅಂದಾಜು ಮಾಡಿ ಒಂದು ಕಡೆ ಬೆರಳು ಒತ್ತಿದರು. ಮೋಟಾರು ಬಿಚ್ಚಿ ಬಿಚ್ಚಿ ದಪ್ಪಗಾದ ಬೆರಳು ಅದು, ಒತ್ತಿದರೆ ಅದರ ಕೆಳಗೆ ಅರ್ಧ ತಾಲ್ಲೂಕು ಮುಚ್ಚಿಹೋಗುತ್ತದೆ. ಆ ಕಡೆ ಗುಡ್ಡ ಒಂದೇ ಅಲ್ಲ, ಎತ್ತ ನೋಡಿದರೂ ಗುಡ್ಡವೇ.

ನಾನು ಹಿಂದಿನ ಸೀಟಿನಲ್ಲಿ ಕೂತೆ. ತೊಡೆಯ ಮೇಲೆ ಬಳೆಯ ಪೆಟ್ಟಿಗೆ, ಪಕ್ಕದಲ್ಲಿ ಮೊಳಕಾಲ್ಮೂರಿನ ಹಸಿರು ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಕನಕಾಂಬರ. ಊರು ದಾಟುವುದರೊಳಗೆ ಬಿಸಿಲು ಕಾರಿನೊಳಗೆ ಬಂದು ಕೂತಿತು. ಪರದೆಯ ಮೇಲೆ ಬಿಸಿಲು ಬಿದ್ದರೆ ಏನೂ ಕಾಣದು. ನಮ್ಮವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯನ್ನು ಡಬ್ಬಿಯ ಮೇಲೆ ಛತ್ರಿ ಮಾಡಿ ಇಣುಕುತ್ತಿದ್ದರು.

ತಳಕು ಬರುವ ಹೊತ್ತಿಗೆ ಅಮ್ಮಣ್ಣಿಗೆ ತಲೆ ಕೆಟ್ಟಿತು. ಹೆದ್ದಾರಿ ಅಗಲ ಮಾಡಿ ಹೊಸ ರಸ್ತೆ ಹಾಕಿದ್ದಾರಲ್ಲ, ಅದು ಅವಳ ನಕ್ಷೆಯಲ್ಲಿ ಇರಲಿಲ್ಲ. ಪರದೆಯಲ್ಲಿ ನಮ್ಮ ಕಾರು ಯಾರದೋ ಹೊಲದ ನಡುವೆ ಓಡುತ್ತಿತ್ತು. ಹಿಂದಕ್ಕೆ ತಿರುಗಿಸು, ಹಿಂದಕ್ಕೆ ತಿರುಗಿಸು ಎಂದು ಅವಳು ಒಂದೇ ಸಮನೆ ಹೇಳುತ್ತಿದ್ದಳು. ಇವರು ಪ್ರತಿ ಸಲವೂ ಬ್ರೇಕಿನ ಮೇಲೆ ಕಾಲಿಟ್ಟು ತೆಗೆಯುತ್ತಿದ್ದರು. ಇವರ ಮನಸ್ಸೂ ಅದನ್ನೇ ಹೇಳುತ್ತಿರಬಹುದು, ನಿಜವಾಗಿಯೂ ತಿರುಗಿಸಿಬಿಟ್ಟರೆ ಏನು ಗತಿ ಅನ್ನುವುದು ನನ್ನ ಭಯ.

ಆಗ ಮಗಳ ಫೋನು ಬಂತು. "ಅವ್ವ, ಬಸ್ ಹತ್ತಿದ್ಯಾ? ಇವರು ರಾಂಪುರದ ಬಸ್‌ಸ್ಟ್ಯಾಂಡಿಗೆ ಬಂದು ಕಾಯ್ತಾರೆ."

ಕಾರಿನಲ್ಲಿದ್ದೀನಿ ಅನ್ನುವ ಹಾಗಿಲ್ಲ, ಯಾರ ಜೊತೆ ಅನ್ನುವ ಹಾಗಿಲ್ಲ. ಇವರು ರಸ್ತೆಯನ್ನೇ ನೋಡುತ್ತಿದ್ದರು, ಕಿವಿ ಮಾತ್ರ ಹಿಂದಕ್ಕಿತ್ತು.

"ಹತ್ತಿದೀನಿ ಕಣವ್ವ."

"ಬಸ್ಸಲ್ಲಿ ಯಾರವ್ವ ಇಂಗ್ಲಿಷ್ ಮಾತಾಡ್ತಿರೋದು?"

"ಯಾರೋ ಟೀಚರ್ ಕಣೆ" ಎಂದು ಫೋನು ಇಟ್ಟೆ. ನಗು ಬರಬೇಕಿತ್ತು, ಅಳು ಬಂತು.

ಮೊಳಕಾಲ್ಮೂರಿನ ಕಡೆಯ ಹಾನಗಲ್ಲಿನ ಹತ್ತಿರ ರಾಂಪುರಕ್ಕೆ ನೇರ ಎಂದು ಹಸಿರು ಬೋರ್ಡು ಇತ್ತು, ನಾನೇ ಓದಿದೆ. ಅಮ್ಮಣ್ಣಿ ಬಲಕ್ಕೆ ಎಂದಳು. ಇವರು ಬಲಕ್ಕೆ ಹೊರಳಿಸಿದರು.

"ರೀ, ಬೋರ್ಡ್ ನೇರಕ್ಕೆ ತೋರಿಸ್ತೈತೆ."

"ಒಳದಾರಿ ಇರ್ತಾವೆ. ಸುಮ್ನೆ ಕೂತ್ಕೋ."

"ಒಬ್ಬರನ್ನ ಕೇಳ್ರಿ."

"ಕೇಳೋ ಹಾಗಿದ್ರೆ ಇದನ್ಯಾಕೆ ತಗೋತಿದ್ದೆ?"

ಮೊಳಕಾಲ್ಮೂರಿನ ಪೇಟೆ ದಾಟಿದೆವು. ಎಷ್ಟೊಂದು ಜನ, ಎಷ್ಟೊಂದು ಬಾಯಿ, ಒಬ್ಬರನ್ನಾದರೂ ಕೇಳಬಹುದಿತ್ತು. ಕಿಟಕಿ ಇಳಿಸಲು ನಾನು ಹಿಡಿಗೆ ಕೈ ಹಾಕಿದರೆ ಇವರು ಕನ್ನಡಿಯಲ್ಲಿ ನೋಡಿದರು. ಆ ನೋಟ ಸಿಟ್ಟಿನದಲ್ಲ, ಬೇಡ ಅನ್ನುವ ನೋಟ. ನಾನು ಕೈ ತೆಗೆದೆ. ಆಮೇಲೆ ರಾಯದುರ್ಗದ ರಸ್ತೆ, ಅಲ್ಲಿಂದ ಡಾಂಬರು ಕಿತ್ತ ರಸ್ತೆ, ಅಲ್ಲಿಂದ ಮಣ್ಣಿನ ದಾರಿ, ಅಲ್ಲಿಂದ ಗಾಡಿ ಜಾಡು. ಬಳ್ಳಾರಿ ಜಾಲಿಯ ಮುಳ್ಳು ಎರಡೂ ಕಡೆ ಕಾರನ್ನು ಕೆರೆಯುತ್ತಿತ್ತು. ಕಾದ ಗಾಜಿನಿಂದ ರಬ್ಬರ್ ಬಟ್ಟಲು ಬಿಟ್ಟುಕೊಂಡು ಡಬ್ಬಿ ಇವರ ಕಾಲ ಬಳಿ ಬಿತ್ತು. ಬಿದ್ದಲ್ಲಿಂದಲೇ ಅಮ್ಮಣ್ಣಿ ನೇರ ಹೋಗಿ ಎಂದಳು.

ನೇರಕ್ಕೆ ತಂತಿಬೇಲಿ ಇತ್ತು. ಒಳಗೆ ಒಂದು ಗಾಳಿ ಫ್ಯಾನು ತಿರುಗುತ್ತಾ ನಿಂತಿತ್ತು, ಸುತ್ತ ಒಂದು ನರಪಿಳ್ಳೆ ಇಲ್ಲ. ನನ್ನ ಫೋನು ತೆಗೆದು ನೋಡಿದೆ, ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಮಗಳು ಕಳಿಸಿದ ಲೊಕೇಶನ್ ಒತ್ತಿದರೆ ಒಂದು ಚಕ್ರ ಸುತ್ತುತ್ತಾ ಕೂತಿತು. ಹನ್ನೆರಡಾಗಿತ್ತು. ಬಾಳೆಲೆ ಬಿಚ್ಚಿ ನೋಡಿದರೆ ಹೂವು ಬಾಡಲು ಶುರುವಾಗಿತ್ತು.

"ಈಗಲಾದ್ರೂ ಕೇಳ್ತೀರೋ, ಇಲ್ಲ ಈ ಫ್ಯಾನಿಗೆ ಮಡಿಲು ತುಂಬಿ ವಾಪಸ್ ಹೋಗೋಣವೋ?"

ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಕಾರು ಹಿಂದಕ್ಕೆ ತೆಗೆಯುವಾಗ ಜಾಲಿಯ ಸಂದಿನಿಂದ ಕುರಿಗಳು ಬಂದವು, ಹಿಂದೆ ಒಬ್ಬ ಮುದುಕ ಬಂದ. ಹೆಸರು ಜುಂಜಪ್ಪ ಅಂತ ಆಮೇಲೆ ಗೊತ್ತಾಯಿತು. ಕಾರಿನೊಳಗೆ ಬಗ್ಗಿ ನೋಡಿ, ನೀವು ಯಾರು ಎಂದು ಮೊದಲು ತೆಲುಗಿನಲ್ಲಿ ಶುರು ಮಾಡಿದ, "ಎವುರು ಮೀರು?" ನಾವು ಕಣ್ಣು ಬಿಟ್ಟಿದ್ದು ನೋಡಿ ಕನ್ನಡಕ್ಕೆ ಬಂದ. "ಯಾವೂರು ಸ್ವಾಮಿ?"

"ಚಳ್ಳಕೆರೆ."

"ಇತ್ಲಾಗೆ ಯಾರ ಮನಿಗೆ ಬಂದಿದ್ದು?"

ಇವರ ಕುತ್ತಿಗೆಯ ನರ ಎದ್ದು ನಿಂತದ್ದು ನನಗೆ ಹಿಂದಿನಿಂದ ಕಂಡಿತು. "ಮನೆಗಲ್ಲ. ಒಂದು ಮೋಟಾರ್ ನೋಡಾಕೆ."

ಮುದುಕನ ಮುಖ ಅರಳಿತು. "ಮೋಟರ್ ನೋಡೋರಾ? ಹಂಗಾದ್ರೆ ಮುದ್ದಪ್ಪನ ಹೊಲಕ್ಕೆ ಬಂದಿರೋದು. ನಿನ್ನೆಯಿಂದ ಮೋಟರ್ ನಿಂತೈತೆ, ಮಿಸ್ತ್ರಿ ಬರ್ಲಿಲ್ಲ ಅಂತ ಗೋಳಾಡ್ತಿದ್ದ. ಬರ್ರಿ, ನಾನು ತೋರಿಸ್ತೀನಿ."

ಬೇಡ ಅನ್ನುವುದು ಹೇಗೆ? ಅಂದರೆ ಮತ್ತೆ ಯಾರ ಮನೆಗೆ ಅಂತ ಕೇಳುತ್ತಾನೆ. ಮುದುಕ ಕುರಿಗಳನ್ನು ಅಲ್ಲೇ ಬಿಟ್ಟು ಕಾರಿನ ಮುಂದೆ ಓಡುತ್ತಲೇ ಹೊರಟ. ಒಂದು ಸುಳ್ಳಿನ ಹಿಂದೆ ನಮ್ಮ ಕಾರು ಮೆಲ್ಲಗೆ ಹೋಯಿತು. ನಾನು ಹಿಂದೆ ಕೂತು ಹಲ್ಲು ಕಡಿಯುತ್ತಿದ್ದೆ.

ಮುದ್ದಪ್ಪ ಈರುಳ್ಳಿ ಹೊಲದ ಬದುವಿನ ಮೇಲೆ ನಿಂತಿದ್ದ. ನಮ್ಮವರನ್ನು ಕಂಡು ದೇವರನ್ನು ಕಂಡವನಂತೆ ಓಡಿ ಬಂದು ಕಾರಿನ ಬಾಗಿಲು ತಾನೇ ತೆಗೆದ. "ಬರ್ರಿ ಸಾರ್, ನೆರಳಿಗೆ ಬರ್ರಿ." ನಮ್ಮವರು ಇಳಿದರು. ಇಳಿದ ಮೇಲೆ ಕೆಟ್ಟ ಮೋಟಾರು ಕಂಡು ಸುಮ್ಮನಿರುವ ಕೈ ಅಲ್ಲ ಅದು. ಡಿಕ್ಕಿಯಿಂದ ಟೆಸ್ಟರು, ಸ್ಕ್ರೂಡ್ರೈವರು ತೆಗೆದು ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿದರು. ಬೆಳಿಗ್ಗೆಯಿಂದ ಡಬ್ಬಿಯ ಮುಂದೆ ತಡವರಿಸುತ್ತಿದ್ದ ಮನುಷ್ಯ ಅಲ್ಲಿ ಬೇರೆಯೇ ಆದರು. ನಾನು ಕಾರಿನಿಂದ ಇಳಿದು ಹೋಗಿ ಎದುರಿಗೆ ನಿಂತೆ.

"ಕರಿಗುಂಡಿನಹಟ್ಟಿ ಇಲ್ಲಿಂದ ಎಷ್ಟು ದೂರ ಆಗ್ತೈತಣ್ಣ?" ಎಂದು ಮುದ್ದಪ್ಪನನ್ನು ಕೇಳಿದೆ. ಇವರು ನನ್ನ ಕಡೆ ನೋಡಲಿಲ್ಲ, ವೈರು ಕೆರೆಯುತ್ತಿದ್ದರು.

"ಹತ್ರಾನೇ ಅಕ್ಕ. ಈ ಗುಡ್ಡ ಸುತ್ತಿಕೊಂಡು ಹೋದ್ರೆ ಆ ಮಗ್ಗುಲಿಗೆ. ಅಲ್ಲೂ ಮೋಟರ್ ಕೆಟ್ಟೈತಾ? ಇವತ್ತು ಅಲ್ಲಿ ಹೊಲದತ್ರ ಯಾರೂ ಸಿಗಲ್ಲ. ಮಾರಯ್ಯನ ಸೊಸೆಗೆ ಕುಬುಸ, ನಮ್ಮನೆ ಹೆಂಗಸ್ರೂ ಅಲ್ಲಿಗೇ ಹೋಗವ್ರೆ."

ಅವನೇ ಮುಂದುವರಿಸಿದ, ನೀರಿಲ್ಲದ ಹೊತ್ತಿನಲ್ಲಿ ಮಾತಾದರೂ ಇರಲಿ ಅಂತ.

"ಬಾಳ ಒಳ್ಳೆ ಹುಡುಗಿ ಅಕ್ಕ ಅದು. ನಿಮ್ಮ ಚಳ್ಳಕೆರೆ ಕಡೇದೇ ಅಂತೆ. ಅತ್ತೇನ ಆಸ್ಪತ್ರೆಗೆ ಹಾಕಿದಾಗ ಒಬ್ಬಳೇ ನೋಡ್ಕಂಡ್ಲು. ಆದ್ರೆ ಮದ್ವೆಯಾದಾಗಿಂದ ತವರಿನೋರು ಅಂತ ಒಬ್ರೂ ಈ ಕಡೆ ತಲೆ ಹಾಕಿಲ್ಲ. ಇವತ್ತೂ ಬಂದ್ರೋ ಇಲ್ವೋ. ಅಪ್ಪ ಇಲ್ಲ ಅಂತ ಕಾಣ್ತೈತೆ, ಪಾಪ. ಇದ್ದಿದ್ರೆ ಬರ್ದೆ ಇರ್ತಿದ್ನಾ?"

ವೈರು ಕೆರೆಯುವ ಸದ್ದು ನಿಂತಿತು. ನಮ್ಮವರು ಪೆಟ್ಟಿಗೆಯೊಳಗೇ ಮುಖ ಇಟ್ಟುಕೊಂಡಿದ್ದರು. ಬೈದಿದ್ದರೆ ಎದುರು ಮಾತಾಡುತ್ತಿದ್ದರು, ಆ ಮನುಷ್ಯ ಬೈಯಲೂ ಇಲ್ಲ. ಅಪ್ಪ ಅನ್ನುವವನು ಬದುಕಿದ್ದೂ ಬರದೆ ಇರಬಹುದು ಅನ್ನುವುದು ಅವನ ತಲೆಗೇ ಹೊಳೆದಿರಲಿಲ್ಲ. ನನ್ನ ಗಂಡನ ಮೇಲೆ ಬೆಳಿಗ್ಗೆಯಿಂದ ಉರಿಯುತ್ತಿದ್ದ ಸಿಟ್ಟು ಅಲ್ಲಿ ಆರಿಹೋಯಿತು. ಅವರ ಬೆನ್ನು ನೋಡಿ ಅಯ್ಯೋ ಅನ್ನಿಸಿತು.

ಅವರು ವೈರು ಬಿಗಿದು ಗುಂಡಿ ಒತ್ತಿದರು. ಮೋಟಾರು ಗುಂಯ್‌ಗುಟ್ಟಿತು, ಪೈಪು ಎರಡು ಸಲ ಕೆಮ್ಮಿ ನೀರು ಕಕ್ಕಿತು. ಮುದ್ದಪ್ಪ ಜೇಬಿಗೆ ಕೈ ಹಾಕಿದರೆ ಇವರು ಬೇಡ ಎಂದು ತಲೆಯಾಡಿಸಿ, ಆ ನೀರಿನಲ್ಲೇ ಕೈ, ಮುಖ ತೊಳೆದುಕೊಂಡರು. ಬಹಳ ಹೊತ್ತು ಮುಖ ತೊಳೆದರು.

"ಹಟ್ಟಿಗೆ ದಾರಿ ಹೇಳು" ಎಂದರು.

ಮುದ್ದಪ್ಪ ಹೇಳಿದ. ಬದುವಿನ ಮೇಲೆ ಹೋಗಿ ಬೇವಿನ ಮರದ ಹತ್ತಿರ ಡಾಂಬರು ಹತ್ತಬೇಕು, ಗುಡ್ಡ ಬಲಕ್ಕೆ ಇಟ್ಟುಕೊಂಡು ಹೋಗಬೇಕು, ಆಮೇಲೆ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾರ ಮನೆಗೆ ಅಂತ ಅವನೂ ಕೇಳಲು ಬಾಯಿ ತೆರೆದ. ಇವರು ಅಷ್ಟರಲ್ಲಿ ಕಾರು ಹತ್ತಿದ್ದರು.

ಡಾಂಬರು ಹತ್ತಿದ ಮೇಲೆ ಕಾರನ್ನು ಓಡಿಸಿದ ರೀತಿಗೆ ಬಳೆಗಳೆಲ್ಲ ಪೆಟ್ಟಿಗೆಯಲ್ಲಿ ಗಲಗಲ ಅನ್ನುತ್ತಿದ್ದವು, ನಾನು ಎರಡು ಕೈಯಲ್ಲಿ ಅದುಮಿ ಹಿಡಿದಿದ್ದೆ. ಅಮ್ಮಣ್ಣಿ ಕಾಲ ಬಳಿಯಿಂದ ಹಿಂದಕ್ಕೆ ತಿರುಗಿಸು ಅನ್ನುತ್ತಲೇ ಇದ್ದಳು. ಗುಡ್ಡದ ತಿರುವಿನಲ್ಲಿ ರಸ್ತೆ ಎರಡಾಯಿತು. ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಒಬ್ಬ ಬೀಡಿ ಸೇದುತ್ತಿದ್ದ. ಇವರು ಕಾರು ನಿಲ್ಲಿಸಿ ಕಿಟಕಿ ಇಳಿಸಿದರು. ದಾರಿ ಕೇಳುವುದಕ್ಕೆಂದು ಬೆಳಿಗ್ಗೆಯಿಂದ ಇಳಿಯದ ಕಿಟಕಿ ಅದು.

"ಕರಿಗುಂಡಿನಹಟ್ಟಿಗೆ ಯಾವ ಕಡೆ?"

"ಅಲ್ಲಿ ಯಾರ ಮನಿಗೆ?"

"ಮಾರಯ್ಯನ ಮನೆಗೆ."

"ಓ, ಕುಬುಸಕ್ಕಾ? ಏನಾಗ್ಬೇಕು ಅವ್ರಿಗೆ?"

"ಬೇಕಾದೋರು" ಎಂದರು ಇವರು. ಅವನು ಎಡಕ್ಕೆ ಕೈ ತೋರಿಸಿದ.

"ಬೇಕಾದೋರಂತೆ" ಎಂದೆ ನಾನು, ಕಾರು ಹೊರಟ ಮೇಲೆ. ಮಾರಯ್ಯ ಅನ್ನುವ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು, ಅದೂ ನನಗೆ ಗೊತ್ತಿತ್ತು. ಆದರೆ ಹೊತ್ತು ಒಂದು ದಾಟಿತ್ತು. ಬಸ್ಸಿಳಿಯದ ನನಗಾಗಿ ಮಾರುತೇಶ್ ಬಿಸಿಲಲ್ಲಿ ಎಷ್ಟು ಬಸ್ಸು ನೋಡಿದನೋ. ತವರಿನವರು ಬರಲಿಲ್ಲ, ಶುರು ಮಾಡಿ ಎಂದು ಯಾರೋ ಅನ್ನುತ್ತಿರಬಹುದು. ಮಗಳು ಬಾಗಿಲು ನೋಡಿ ನೋಡಿ ಈಗ ನೋಡುವುದನ್ನೂ ಬಿಟ್ಟಿರಬಹುದು. ಇದೆಲ್ಲ ಕಣ್ಣಿಗೆ ಕಟ್ಟಿ ನಾನು ಸೀಟಿನ ತುದಿಗೆ ಬಂದು ಕೂತಿದ್ದೆ.

ಹಟ್ಟಿ ಬಂತು. ಊರ ಬಾಗಿಲಲ್ಲೇ ನೀರಿನ ಟ್ಯಾಂಕು. ಊರ ಹೊರಗೆ ಇಳಿಸಿ ವಾಪಸ್ ಬರ್ತೀನಿ ಅಂದಿದ್ದ ಜಾಗ ಇದೇ. ಇವರು ಟ್ಯಾಂಕಿನ ಹತ್ತಿರ ಕಾರು ನಿಲ್ಲಿಸಿದರು, ಎಂಜಿನ್ನೂ ಆರಿಸಿದರು. ನಾನು ಬಾಗಿಲ ಹಿಡಿಯ ಮೇಲೆ ಕೈ ಇಟ್ಟು, ಇಳಿಯದೆ ಕೂತೆ.

ಹೊಸ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ಕೈಯಲ್ಲಿ ತಟ್ಟೆ ಹಿಡಿದ ಒಬ್ಬ ಹೆಂಗಸು ಸರಸರ ಬರುತ್ತಿದ್ದಳು. ತಟ್ಟೆಯಲ್ಲಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ರವಿಕೆ ಕಣ. ಗುರುತಿಲ್ಲದ ಕಾರು ಕಂಡು ನಿಂತಳು.

"ಯಾವೂರ್ರಿ? ಯಾರ ಮನಿಗೆ?"

ನಾನೇ ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ಮುಚ್ಚಿಕೊಂಡು ಕೂತೆ, ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡದ್ದು ಇನ್ನೊಂದಿಲ್ಲ.

"ಚಳ್ಳಕೆರೆ" ಎಂದರು ಇವರು. "ಮಾರಯ್ಯನ ಮನೆಗೆ."

"ಏನಾಗ್ಬೇಕು ಅವ್ರಿಗೆ?"

ಇವರು ಸ್ಟೇರಿಂಗ್ ಹಿಡಿದಿದ್ದ ಎರಡೂ ಕೈ ಬಿಟ್ಟು ಬಾಗಿಲು ತೆಗೆದು ಕೆಳಗಿಳಿದರು. ಆ ಹೆಂಗಸಿನ ಎದುರಿಗೆ ನಿಂತುಕೊಂಡರು. "ಬೀಗರಾಗ್ಬೇಕು ತಾಯಿ. ಕುಬುಸಕ್ಕೆ ಕೂತಿರೋ ಹುಡುಗಿ ಐತಲ್ಲ, ನಾನು ಅವಳಪ್ಪ."

ಆ ಹೆಂಗಸು ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದ ತಟ್ಟೆ ನೋಡಿದಳು. "ಹಂಗಾದ್ರೆ ಇಲ್ಲಿ ಯಾಕ್ರಿ ನಿಂತೀರಾ? ತವರಿನೋರು ಯಾರೂ ಬರ್ಲಿಲ್ಲ, ನೀನೇ ಬಂದು ಮಡಿಲು ತುಂಬು ರೇಣುಕಮ್ಮ ಅಂತ ಈಗ ಹೇಳಿ ಕಳಿಸಿದ್ರು. ಅದಕ್ಕೇ ಹೊರಟಿದ್ದು ನಾನು. ನಡೀರಿ, ನಡೀರಿ, ಹೊತ್ತಾಯ್ತು."

ನಾವು ಕರೆಯುವುದಕ್ಕೂ ಕಾಯದೆ ಮುಂದಿನ ಸೀಟಿಗೆ ಹತ್ತಿಕೊಂಡಳು. ಕಾಲಿಗೆ ವೈರು ತೊಡರಿತು. "ಇದೇನ್ರಿ ಇದು, ಇಂಗ್ಲಿಷ್‌ನಾಗೆ ಬಡ್ಕೊಂತೈತೆ?" ಎಂದಳು. ನಮ್ಮವರು ಬಗ್ಗಿ ವೈರು ಕಿತ್ತು ಡಬ್ಬಿಯನ್ನು ಡಿಕ್ಕಿಗೆ ಎಸೆದರು. ಸ್ಕ್ರೂಡ್ರೈವರಿನ ಜೊತೆ ಅದು ಈಗಲೂ ಅಲ್ಲೇ ಬಿದ್ದಿದೆ. ಎಡಕ್ಕೆ ತಗೊಳ್ರಿ, ಕೋಳಿ ಐತೆ ನೋಡ್ಕೊಳ್ರಿ, ಆ ಕಟ್ಟೆ ಬಿಟ್ಟು ಬಲಕ್ಕೆ ತಗೊಳ್ರಿ ಎಂದು ರೇಣುಕಮ್ಮ ದಾರಿ ಹೇಳುತ್ತಾ ಹೋದಳು. ದಾರಿಯಲ್ಲಿ ಕಂಡವರಿಗೆಲ್ಲ ಕಿಟಕಿಯಿಂದ ತಲೆ ಹಾಕಿ, ಸೌಂದರ್ಯಳ ಅಪ್ಪ ಅವ್ವ ಬಂದ್ರು ಎಂದು ಕೂಗಿ ಹೇಳುತ್ತಿದ್ದಳು. ನಮ್ಮವರು ಯಾರಿಂದ ಅಡಗಬೇಕೆಂದಿದ್ದರೋ ಆ ಊರು ಮನೆ ಬಾಗಿಲುಗಳಿಗೆ ಬಂದು ನಿಂತು ನೋಡಿತು.

ಮಾರಯ್ಯನ ಮನೆಯ ಮುಂದೆ ಚಪ್ಪರ. ಹೆಂಗಸರು ಹಾಡುತ್ತಿದ್ದರು. ನಡುವೆ ಮಣೆಯ ಮೇಲೆ ನನ್ನ ಮಗಳು, ಹಳೆಯ ಸೀರೆಯಲ್ಲಿ, ತಲೆ ಬಗ್ಗಿಸಿಕೊಂಡು ಕೂತಿದ್ದಳು. ಬೀಗಿತಿ ದುರುಗಕ್ಕ ಕಾರು ಕಂಡು ಓಡಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಮಾರಯ್ಯ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ದೂರದಲ್ಲೇ ನಿಂತ, ಮುಂದೆ ಬರಬಹುದೋ ಬಾರದೋ ಅಂತ ಅವನಿಗೂ ತಿಳಿಯಲಿಲ್ಲ. ನಮ್ಮವರೇ ಹೋಗಿ ಅವನ ಕೈ ಹಿಡಿದುಕೊಂಡರು. ಮೋಟಾರಿನ ಮಸಿ ಇನ್ನೂ ಉಗುರಿನಲ್ಲಿತ್ತು.

ಹಾಡು ನಿಂತಿತು. ಸೌಂದರ್ಯ ತಲೆ ಎತ್ತಿದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ನನ್ನ ಪಕ್ಕಕ್ಕೆ. ಏಳಲು ಹೋದಳು, ಮಣೆ ಬಿಟ್ಟು ಏಳಬಾರದು ಅಂತ ಯಾರೋ ಭುಜ ಹಿಡಿದು ಕೂರಿಸಿದರು. ಕೂತಲ್ಲೇ ಅವಳಿಗೆ ಅಳು ಬಂತು.

"ಅಪ್ಪ, ನಿಮಗೆ ದಾರಿ ಹೆಂಗೆ ಗೊತ್ತಾಯ್ತು?"

ನಮ್ಮವರು ಹಸಿರು ಸೀರೆ ಹಿಡಿದುಕೊಂಡು ನಿಂತಿದ್ದರು. ಅದನ್ನು ಕೊಡುವುದು ಹೆಂಗಸರ ಕೆಲಸ ಅಂತಲೂ ಅವರಿಗೆ ಮರೆತುಹೋಗಿತ್ತು.

"ಗೊತ್ತಿರಲಿಲ್ಲ ಕಣವ್ವ" ಎಂದರು. "ನನ್ನ ಮಗಳ ಮನೆ ಎಲ್ಲೈತೆ ಅಂತ ಕೇಳ್ಕೊಂಡು ಬಂದೆ."